ವರ್ತನಾವಾದವೂ ಸ್ವಲೀನ ಮಕ್ಕಳ ಚಿಕಿತ್ಸೆಯೂ: ಒಂದು ವಿಮರ್ಶೆ

ಆಟಿಸಂ ಎಂದು ಪರಿಚಿತವಾದ ಸ್ವಲೀನತೆಯನ್ನು ಲಿಯೋ ಕ್ಯಾನರ್ ಅವರು 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತದ ಮೂಲಕ ವಿವರಿಸಿದರು. ಸ್ವಲೀನ ಮಕ್ಕಳಲ್ಲಿ ಕೆಲವರು ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ಇತರರನ್ನು ಹೊಡೆಯುವುದು ಉಂಟು. ಇಂಥ ವರ್ತನೆಯ ಚಿಕಿತ್ಸೆಯಲ್ಲಿ ವರ್ತನಾವಾದಕ್ಕೆ ಯಾವ ಸ್ಥಾನವಿದೆ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ಚರಿತ್ರೆಯ ಅಧ್ಯಾಪಕನ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ವರ್ತನೆಯನ್ನು ಅದರ ಫಲವೇ ಬೆಳೆಸುತ್ತದೆ ಅಥವಾ ಕುಂದಿಸುತ್ತದೆ ಎಂಬುದು ಸ್ಕಿನ್ನರ್ ಅವರ ಮೂಲ ತತ್ತ್ವ. ಇದನ್ನಾಧರಿಸಿ ಲೋವಾಸ್ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಸುಪ್ರಸಿದ್ಧವಾದುದು. ಹತ್ತೊಂಬತ್ತು ಮಕ್ಕಳಿಗೆ ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷಕ್ಕೂ ಮೇಲ್ಪಟ್ಟು ಶಿಕ್ಷಣ ಕೊಡಲಾಯಿತು. ಅವರಲ್ಲಿ ಒಂಬತ್ತು ಮಂದಿ ಸಾಮಾನ್ಯ ಮಕ್ಕಳ ಮಟ್ಟವನ್ನು ಮುಟ್ಟಿದರೆಂದು ವರದಿಯಾಯಿತು. ಆದರೆ ಗುಂಪುಗಳ ವಿಂಗಡಣೆ ಯಾದೃಚ್ಛಿಕವಾಗಿರಲಿಲ್ಲ. ಶಿಕ್ಷಣಕ್ರಮದಲ್ಲಿ ಗದರಿಕೆಯೂ ತೊಡೆಯ ಮೇಲಿನ ಪೆಟ್ಟೂ ಸೇರಿದ್ದವು. ದಂಡನೆಯಿಂದ ವರ್ತನೆ ಅಡಗಿದರೂ ಅದರ ಕಾರಣ ಉಳಿದೇ ಇರುತ್ತದೆ.

ಆ ಕಾರಣವನ್ನು ಅರಸಿದ ಕೃತಿಗಳೇ ಹೆಚ್ಚು ಬೆಲೆಯುಳ್ಳವು. 1982ರಲ್ಲಿ ಇವಾಟ ಮತ್ತು ಸಂಗಡಿಗರು ತಮ್ಮನ್ನೇ ಗಾಯಗೊಳಿಸಿಕೊಳ್ಳುತ್ತಿದ್ದ ಒಂಬತ್ತು ಮಂದಿಯನ್ನು ಆಕ್ಷೇಪಣೆ, ಪಾಠದ ಒತ್ತಾಯ, ಆಟ, ಏಕಾಂತ ಎಂಬ ನಾಲ್ಕು ಸನ್ನಿವೇಶಗಳಲ್ಲಿರಿಸಿ ನೋಡಿದರು. ಒಂದೇ ಬಗೆಯ ವರ್ತನೆಗೆ ಬೇರೆಬೇರೆ ಪ್ರಯೋಜನಗಳಿರುವುದು ತಿಳಿದುಬಂದಿತು. 1985ರಲ್ಲಿ ಕಾರ್ ಮತ್ತು ಡುರಾಂಡ್ ಅವರು ನಾಲ್ಕು ಮಕ್ಕಳಿಗೆ, ಅವರು ಬಯಸುತ್ತಿದ್ದ ಗಮನವನ್ನೋ ನೆರವನ್ನೋ ಮಾತಿನಿಂದ ಕೇಳುವುದನ್ನು ಕಲಿಸಿದರು, ಉಪದ್ರವ ಇಳಿಯಿತು. ಹಿಂದೆ ಏನು ನಡೆಯಿತು, ಮುಂದೆ ಏನಾಯಿತು ಎಂದು ಕೇಳುವುದು ಚರಿತ್ರಕಾರನ ವಿಧಾನವೂ ಹೌದಷ್ಟೆ.

ಇದನ್ನು ನಮ್ಮ ತಾಲ್ಲೂಕುಗಳಿಗೆ ಅನ್ವಯಿಸಿ ನೋಡೋಣ. ಮಗು ನೆಲಕ್ಕೆ ತಲೆ ಚಚ್ಚಿಕೊಂಡೊಡನೆ ಅಜ್ಜಿ ಬೆಲ್ಲದ ಚೂರು ಕೊಡುತ್ತಾಳೆನ್ನೋಣ. ಅಜ್ಜಿಯ ಕರುಣೆ ಸಹಜವಾದುದು; ಆದರೆ ಚಚ್ಚಿಕೊಂಡರೆ ಬೆಲ್ಲ ದೊರೆಯುವುದೆಂದು ಮಗು ಕಲಿಯುತ್ತದೆ. ತಾಯಿಯೊಬ್ಬಳೇ ಕ್ರಮವನ್ನು ಪಾಲಿಸಿದರೆ ಫಲವಿಲ್ಲ. ಅವಿಭಕ್ತ ಕುಟುಂಬದಲ್ಲಿ ಎಲ್ಲರೂ ಒಂದೇ ರೀತಿ ನಡೆಯಬೇಕು. ಕಲಿಸುವ ಮಾತಿನ ಪ್ರಶ್ನೆಯೂ ಇದೆ. ಕನ್ನಡದೊಡನೆ ದಖನಿ, ಮರಾಠಿಗಳೂ ಬೆರೆತಿರುವ ಆಳಂದ, ಅಫಜಲಪುರಗಳ ಗಡಿಸೀಮೆಯಲ್ಲಿ ‘ಸಾಕು’ ಎಂದು ಕಲಿಸಬೇಕೋ ‘ಬಸ್’ ಎಂದೋ ಎಂಬುದನ್ನು ಮನೆಯ ಬಳಕೆಯೇ ನಿರ್ಣಯಿಸಬೇಕು. ಸುತ್ತಲಿನವರಿಗೆ ತಿಳಿಯದ ಮಾತು ಮಗುವಿಗೆ ನಿರರ್ಥಕ.

ವಾರಕ್ಕೆ 40 ಗಂಟೆಗಳ ಶಿಕ್ಷಣ ಇಲ್ಲಿ ದುಸ್ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್ ಬಹು ದೂರ. ಆದಕಾರಣ ತಂದೆತಾಯಿಗಳಿಗೇ ತರಬೇತಿ ಕೊಡುವ ಮಾರ್ಗ ವಿಚಾರಾರ್ಹ. ಅಮೆರಿಕದಲ್ಲಿ 180 ಮಕ್ಕಳ ಕುಟುಂಬಗಳನ್ನು ಕುರಿತು ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ವಾರಗಳ ತರುವಾಯ ತರಬೇತಿ ಪಡೆದ ಗುಂಪಿನಲ್ಲಿ ಸಿಡುಕಿನ ಅಳತೆ ಶೇಕಡ 47.7ರಷ್ಟು, ಕೇವಲ ತಿಳಿವಳಿಕೆ ಪಡೆದ ಗುಂಪಿನಲ್ಲಿ ಶೇಕಡ 31.8ರಷ್ಟು ಇಳಿಯಿತು. ಈ ಅಳತೆ ತಂದೆತಾಯಿಗಳೇ ಕೊಟ್ಟದ್ದಾದ್ದರಿಂದ ಎಚ್ಚರಿಕೆಯಿಂದ ಸ್ವೀಕರಿಸತಕ್ಕದ್ದು.

ಸಿದ್ಧಾಂತದ ಮಿತಿಯನ್ನೂ ಹೇಳಬೇಕು. ವರ್ತನೆಯ ದಾಖಲೆಯನ್ನು ಬರೆಯುವವರು ನೋಡುವವರೇ ಹೊರತು ಮಗುವಲ್ಲ. ಹಲ್ಲುನೋವು, ಕಿವಿನೋವು, ಮಲಬದ್ಧತೆಗಳು ಆ ದಾಖಲೆಗೆ ಸಿಕ್ಕದೆ ಹೋಗಬಹುದು; ಆದುದರಿಂದ ವೈದ್ಯಪರೀಕ್ಷೆ ಮೊದಲು ನಡೆಯಬೇಕು. ಈ ಚಿಕಿತ್ಸೆ ತಮ್ಮ ಸ್ವಭಾವವನ್ನೇ ಮರೆಮಾಡಲು ಕಲಿಸಿತೆಂದು ಸ್ವಲೀನ ವಯಸ್ಕರನೇಕರು ಆಕ್ಷೇಪಿಸಿರುವುದೂ ಗಮನಾರ್ಹ. ಯಾರಿಗೂ ಹಾನಿಯಿಲ್ಲದ ಕೈಯಾಡಿಕೆಯನ್ನು ತಿದ್ದಹೊರಡುವುದು ಅನ್ಯಾಯ.

ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಭೂತಬಾಧೆಯೆಂದು ನಂಬಿ ಜನರನ್ನು ಕರೆತರುವ ರೂಢಿ ಹಳೆಯದು. ಆ ನಂಬಿಕೆಯನ್ನು ಹಳಿಯುವುದರಿಂದ ಸಾಧಿಸುವುದೇನೂ ಇಲ್ಲ. ಮಗುವಿನ ವರ್ತನೆಗೆ ಈ ಲೋಕದಲ್ಲಿಯೇ ಕಾರಣವುಂಟು, ಅದನ್ನು ಮನೆಯವರೇ ಕಂಡುಕೊಳ್ಳಬಲ್ಲರು ಎಂಬ ತಿಳಿವಳಿಕೆಯನ್ನು ಅವರಿಗೆ ಮುಟ್ಟಿಸುವುದು ಸಾಧ್ಯ. ವರ್ತನಾವಾದದಿಂದ ನಾವು ಪಡೆಯತಕ್ಕದ್ದು ಅದರ ಈ ಪ್ರಶ್ನಿಸುವ ಕ್ರಮವನ್ನೇ. ಅದರ ದಂಡನೆಯನ್ನು ಚರಿತ್ರೆಗೆ ಬಿಡುವುದು ಲೇಸು.