ಪ್ರಕಟನೆಯ ಗ್ರಂಥವೂ ಯುಗಾಂತದ ಗಣಿತವೂ

ಲೋಕಾಂತ್ಯವನ್ನು ಕುರಿತು ಪ್ರಾಟೆಸ್ಟಂಟ್ ಕ್ರೈಸ್ತರ ಕೆಲವು ಪಂಥಗಳಲ್ಲಿ ಪ್ರಚಲಿತವಾಗಿರುವ ಚಿತ್ರವು ಸ್ಥೂಲವಾಗಿ ಇಂತಿದೆ: ಭಕ್ತರು ಒಮ್ಮೆಗೇ ಮೇಘಮಂಡಲಕ್ಕೆ ಒಯ್ಯಲ್ಪಡುವರು, ಉಳಿದವರು ಕ್ರಿಸ್ತವಿರೋಧಿಯ ಕೈಯಲ್ಲಿ ಏಳು ವರ್ಷ ಸಂಕಟಪಡುವರು, ಬಳಿಕ ಕ್ರಿಸ್ತನು ಇಳಿದುಬಂದು ಸಾವಿರ ವರ್ಷ ಆಳುವನು. ಇದು ಅಪೊಸ್ತಲರ ಕಾಲದಿಂದ ಬಂದ ಬೋಧೆಯೆಂದು ಅನೇಕರ ಭಾವನೆ. ವಸ್ತುತಃ ಈ ಕ್ರಮವನ್ನು ವ್ಯವಸ್ಥಿತವಾಗಿ ಪ್ರತಿಪಾದಿಸಿದವನು ೧೯ನೆಯ ಶತಮಾನದ ಜಾನ್ ನೆಲ್ಸನ್ ಡಾರ್ಬಿ. ಅದನ್ನು ಜನಸಾಮಾನ್ಯರಿಗೆ ಮುಟ್ಟಿಸಿದ್ದು ಸ್ಕೋಫೀಲ್ಡನ ಟಿಪ್ಪಣಿಗಳೊಡನೆ ೧೯೦೯ರಲ್ಲಿ ಅಚ್ಚಾದ ಬೈಬಲ್.

ಮೂಲಪಾಠವನ್ನು ಪರಿಶೀಲಿಸಿದರೆ ಈ ಚಿತ್ರದ ಭಾಗಗಳು ಬೇರೆ ಬೇರೆ ಎಡೆಗಳಿಂದ ಬಂದವೆಂಬುದು ಸ್ಪಷ್ಟವಾಗುತ್ತದೆ. ಮೇಘಗಳ ಮಾತು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದ್ದು. ಗತಿಸಿದವರಿಗಾಗಿ ಶೋಕಿಸುತ್ತಿದ್ದವರನ್ನು ಸಂತೈಸುವುದೇ ಅಲ್ಲಿಯ ಉದ್ದೇಶ. ‘ಕ್ರಿಸ್ತವಿರೋಧಿ’ ಎಂಬ ಪದವು ಯೋಹಾನನ ಪತ್ರಗಳಲ್ಲಿದೆಯೇ ಹೊರತು ಪ್ರಕಟನೆಯ ಗ್ರಂಥದಲ್ಲಿ ಒಮ್ಮೆಯೂ ಬರುವುದಿಲ್ಲ. ಏಳು ವರ್ಷದ ಅವಧಿಯಾದರೋ ದಾನಿಯೇಲನ ಎಪ್ಪತ್ತು ವಾರಗಳಲ್ಲಿ ಕೊನೆಯದನ್ನು ಬೇರ್ಪಡಿಸಿ ಭವಿಷ್ಯಕ್ಕೆ ತಳ್ಳಿದುದರ ಫಲ.

ಡಾರ್ಬಿಯ ಪಂಥಕ್ಕೆ ಸೇರದವರಲ್ಲಿಯೂ ಇದೇ ಬಗೆಯ ಓದು ಕಂಡುಬರುತ್ತದೆ. ಅಮೆರಿಕದ ವಿಲಿಯಂ ಮಿಲ್ಲರನು ದಾನಿಯೇಲನ ೨೩೦೦ ದಿನಗಳನ್ನು ವರ್ಷಗಳೆಂದು ಭಾವಿಸಿ, ಕ್ರಿ.ಪೂ. ೪೫೭ರಿಂದ ಎಣಿಸಿ, ೧೮೪೩ರ ಸುಮಾರಿಗೆ ಬಂದು ನಿಂತನು. ಕೊನೆಗೆ ೧೮೪೪ರ ಅಕ್ಟೋಬರ್ ೨೨ ಗೊತ್ತಾಯಿತು. ಅವನನ್ನು ನಂಬಿದ ಕೆಲವು ರೈತರು ಪೈರನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟರು. ೨೦೧೧ರ ಮೇ ೨೧ನ್ನು ಸಾರಿದ ಹೆರಾಲ್ಡ್ ಕ್ಯಾಂಪಿಂಗನ ಮಾತಿಗೆ ಉಳಿತಾಯದ ಹಣವನ್ನು ಪ್ರಚಾರಕ್ಕೆ ಸುರಿದವರುಂಟು. ಮಿಲ್ಲರನ ಸಂಕಲನದಲ್ಲಿ ದೊಡ್ಡ ದೋಷವೇನೂ ಇರಲಿಲ್ಲ. ಸಂಕೇತವನ್ನು ಜಮಾಖರ್ಚಿನ ಅಂಕಿಯೆಂದು ಬಗೆದುದೇ ದೋಷ.

ಪ್ರಕಟನೆಯ ಗ್ರಂಥವು ರೋಮನ್ ಪ್ರಭುತ್ವದ ಕೆಳಗಿದ್ದ ಆಸ್ಯ ಸೀಮೆಯ ಏಳು ಸಭೆಗಳನ್ನು ಉದ್ದೇಶಿಸಿ ಬರೆದುದು. ಮೃಗದ ಸಂಖ್ಯೆಯಾದ ೬೬೬, ನೀರೋ ಕೈಸರನ ಹೆಸರಿನ ಹೀಬ್ರೂ ಅಕ್ಷರಗಳ ಬೆಲೆಗೆ ಸರಿಹೊಂದುತ್ತದೆ. ಕೆಲವು ಪ್ರಾಚೀನ ಪ್ರತಿಗಳಲ್ಲಿರುವ ೬೧೬ ಅದೇ ಹೆಸರಿನ ಲ್ಯಾಟಿನ್ ರೂಪಕ್ಕೆ ಹೊಂದುವುದರಿಂದ ಈ ಊಹೆಗೆ ಬಲ ಬರುತ್ತದೆ. ಆದಿಯ ಓದುಗರಿಗೆ ಆ ಮೃಗವು ದೂರದ ಭವಿಷ್ಯದ ಒಗಟಾಗಿರಲಿಲ್ಲ, ಕಣ್ಣೆದುರಿನ ಅಧಿಕಾರವಾಗಿತ್ತು.

ಇಂತಹ ವಿಮರ್ಶೆಯಿಂದ ಶ್ರದ್ಧೆಗೆ ಹಾನಿಯೆಂಬ ಆಕ್ಷೇಪವು ನಿಲ್ಲಲಾರದು. ಕ್ರಿಸ್ತನ ಪುನರಾಗಮನವು ಸಭೆಯ ಪ್ರಾಚೀನ ವಿಶ್ವಾಸ. ಅದರ ವೇಳಾಪಟ್ಟಿಯಾದರೋ ಅಲ್ಲ. ಸಾವಿರ ವರ್ಷಗಳೆಂದರೆ ಸಭೆಯ ಪ್ರಸ್ತುತ ಕಾಲವೇ ಎಂದು ಅರ್ಥೈಸಿದ ಸಂತ ಆಗಸ್ಟೀನನು ಶ್ರದ್ಧಾಹೀನನಲ್ಲ. ಆ ದಿನವು ತಂದೆಗಲ್ಲದೆ ಮತ್ತಾರಿಗೂ ತಿಳಿಯದೆಂದು ಮಾರ್ಕನ ಸುವಾರ್ತೆಯೇ ಹೇಳುತ್ತಿರಲು, ಗಣಿತವು ಶ್ರದ್ಧೆಯ ಲಕ್ಷಣವಾಗುವುದೆಂತು? ಪೀಡಿತರಿಗೆ ಧೈರ್ಯ ಹೇಳಲು ಹುಟ್ಟಿದ ಗ್ರಂಥವು ಅಮಾಯಕರನ್ನು ಹೆದರಿಸುವ ಪಂಚಾಂಗವಾಗಿರುವುದೇ ನಿಜವಾದ ಹಾನಿ.