ದ್ವೀಪಪಯಣದ ಆರು ಸಾಲು: ಒಂದು ವ್ಯಾಖ್ಯಾನ

ಕೊಳ್ಳೇಗಾಲ ಸೀಮೆಯ ಬಂಡಳ್ಳಿಯ ಒಕ್ಕಲುಮನೆಯೊಂದು ಮೊದಲ ಸಲ ಕಡಲು ದಾಟಿ ಲಕ್ಷದ್ವೀಪಕ್ಕೆ ಹೊರಡುವುದಾದರೆ, ಅದರ ಪಯಣದ ಚೀಟಿಯಲ್ಲಿ ಇರತಕ್ಕ ಸಾಲುಗಳು ಆರು. ಅವು ಹೀಗೆ:

ಸುಗ್ಗಿಯಾದ ಮೇಲೆ, ಶಿವರಾತ್ರಿಗೆ ಮುಂಚೆ.
ಮೊದಲು ಅಪ್ಪಣೆ, ಆಮೇಲೆ ಪಯಣ.
ಕೊಯಮತ್ತೂರಿನ ಮೇಲೆ ಕೊಚ್ಚಿಗೆ.
ಹಡಗೇ ಮನೆ, ಹಗಲು ದ್ವೀಪ, ಇರುಳು ಕಡಲು.
ಸಿಹಿನೀರು ಮಿತ.
ಅಲ್ಲಿಯ ಕಲ್ಲು ಅಲ್ಲಿಗೇ.

ಸಾಲುಗಳನ್ನು ಬಿಡಿಸುವ ಮೊದಲು ಹೋಗತಕ್ಕ ಎಡೆ ಎಂಥದೆಂಬುದನ್ನು ನಿರ್ಣಯಿಸಬೇಕು. ಇಲ್ಲಿ ಒಂದು ಶಂಕೆ: ಬಂಡಳ್ಳಿಯವರಿಗೆ ದ್ವೀಪ ಹೊಸದೇ? ಕೊಳ್ಳೇಗಾಲದ ಮಗ್ಗುಲಲ್ಲೇ ಕಾವೇರಿ ಎರಡಾಗಿ ಸೀಳಿ, ಗಗನಚುಕ್ಕಿಯಾಗಿಯೂ ಭರಚುಕ್ಕಿಯಾಗಿಯೂ ಧುಮುಕುವಲ್ಲಿ, ಮಧ್ಯರಂಗನ ಗುಡಿಯುಳ್ಳ ಶಿವನಸಮುದ್ರವಿದೆ. ಅದೂ ದ್ವೀಪವೇ. ಮತ್ತೊಂದನ್ನು ಕಾಣಲು ಇಷ್ಟು ದೂರವೇಕೆ? ಇದಕ್ಕೆ ಸಮಾಧಾನವೇನೆಂದರೆ, ಶಿವನಸಮುದ್ರವು ನೆಲವನ್ನು ಹೊಳೆ ಕೊರೆದು ಉಳಿಸಿದ ಬಂಡೆಯ ಭಾಗ. ಅದರ ಸುತ್ತ ಇರುವುದು ಕುಡಿಯುವ ನೀರು. ಲಕ್ಷದ್ವೀಪವಾದರೋ ನೆಲದ ತುಂಡಲ್ಲ. ಮುಳುಗಿಹೋದ ಬೆಟ್ಟಗಳ ನೆತ್ತಿಯ ಮೇಲೆ ಹವಳದ ಹುಳುಗಳು ಸುಣ್ಣ ಕಟ್ಟಿ ಕಟ್ಟಿ ಎಬ್ಬಿಸಿದ ದಿಬ್ಬ ಅದು. ಉಂಗುರದಂತಿರುವ ಹವಳದಿಬ್ಬಗಳ ಹುಟ್ಟನ್ನು ಈ ಬಗೆಯಲ್ಲಿ ವಿವರಿಸಿದವನು ಚಾರ್ಲ್ಸ್ ಡಾರ್ವಿನ್. ಆ ವಿಷಯದ ಅವನ ಗ್ರಂಥ ಬಂದದ್ದು 1842ರಲ್ಲಿ. ಲಕ್ಷವೆಂಬ ಹೆಸರಿದ್ದರೂ ಎಣಿಕೆಗೆ ಬರುವ ದ್ವೀಪಗಳು 36, ಜನವಸತಿಯುಳ್ಳವು 10. ಎಲ್ಲದರ ನೆಲವನ್ನು ಕೂಡಿಸಿದರೂ 32 ಚದರ ಕಿಲೋಮೀಟರು ಮಾತ್ರ. 2011ರ ಜನಗಣತಿಯಂತೆ ಅಲ್ಲಿಯ ಜನ 64,473. ಈ ಕಿರಿದುತನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಆರು ಸಾಲುಗಳನ್ನು ಓದತಕ್ಕದ್ದು. ಚೀಟಿಯ ಒಂದೊಂದು ಮಾತಿಗೂ ಕಾರಣ ಅದೇ.

“ಸುಗ್ಗಿಯಾದ ಮೇಲೆ, ಶಿವರಾತ್ರಿಗೆ ಮುಂಚೆ.” ಇದು ಕಾಲವನ್ನು ಹೇಳುವ ಸಾಲು. ಸುಗ್ಗಿ ಎಂದರೆ ಬರಿಯ ಕೊಯ್ಲಲ್ಲ. ರಾಗಿ ಕೊಯ್ದು, ಮೆದೆ ಒಟ್ಟಿ, ಕಣದಲ್ಲಿ ಒಕ್ಕಿ, ಕಾಳು ಮನೆ ಸೇರುವವರೆಗಿನ ಕೆಲಸವೆಲ್ಲವೂ ಸುಗ್ಗಿಯೇ. ಅದಾಗದೆ ಮನೆಯವರೆಲ್ಲ ಒಟ್ಟಿಗೆ ಊರು ಬಿಡುವಂತಿಲ್ಲ. ಶಿವರಾತ್ರಿ ಬಂತೆಂದರೆ ಮಲೆ ಮಹದೇಶ್ವರ ಬೆಟ್ಟದ ಜಾತ್ರೆ. ಬೆಟ್ಟದ ಹಾದಿಯೆಲ್ಲ ಕಾಲ್ನಡಿಗೆಯ ಪರಿಷೆ. ಇವೆರಡರ ನಡುವೆ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಐದು ದಿನದ ಜಾತ್ರೆ ಕೂಡುತ್ತದೆ. ಚೀಟಿ ಅದರ ಹೆಸರೆತ್ತಿಲ್ಲ. ಆ ಸೀಮೆಯವರಿಗೆ ಹೇಳಬೇಕಾಗಿಲ್ಲವಾದ್ದರಿಂದ ಬಿಟ್ಟಿದೆ ಎಂದು ತಿಳಿಯಬೇಕು. ದಿನ ಗೊತ್ತುಮಾಡುವಾಗ ಬಿಡುವಂತಿಲ್ಲ. ಆಶ್ಚರ್ಯವೆಂದರೆ ಹೊಲ, ಗುಡಿಗಳ ಲೆಕ್ಕದಲ್ಲಿ ಉಳಿದ ಈ ಬಿಡುವು ಕಡಲಿನ ಲೆಕ್ಕಕ್ಕೂ ಸರಿಹೊಂದುವುದು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಮುಂಗಾರಿನ ಗಾಳಿಗೆ ಅರಬ್ಬೀ ಸಮುದ್ರ ಉಕ್ಕುತ್ತದೆ. ಹಿಂಗಾರಿನ ತಿಂಗಳುಗಳಲ್ಲೂ ಭಯ ತಪ್ಪಿದ್ದಲ್ಲ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿ ದ್ವೀಪಗಳನ್ನು ಬಡಿದುಹೋದುದು ಅದಕ್ಕೆ ಸಾಕ್ಷಿ. ಸಂಕ್ರಾಂತಿಯಿಂದಾಚೆಗೆ ನೀರು ತಣಿದು ನಿಲ್ಲುತ್ತದೆ. ಆದ್ದರಿಂದ ಜನವರಿ ಕೊನೆ, ಫೆಬ್ರವರಿ ಮೊದಲು ಎಂಬುದು ಈ ಸಾಲಿನ ನಿಷ್ಕರ್ಷ.

“ಮೊದಲು ಅಪ್ಪಣೆ, ಆಮೇಲೆ ಪಯಣ.” ಚೀಟಿಯ ಹೃದಯ ಈ ಸಾಲು. ಅಪ್ಪಣೆ ಎಂದರೆ ಪ್ರವೇಶಪತ್ರ, ಜನ ಪರ್ಮಿಟ್ ಎನ್ನುವ ಕಾಗದ. ದ್ವೀಪದಲ್ಲಿ ಹುಟ್ಟಿ ಬೆಳೆದವರನ್ನು ಬಿಟ್ಟು ಉಳಿದವರು, ಭಾರತದ ಪ್ರಜೆಗಳೇ ಆಗಿದ್ದರೂ, ಇದಿಲ್ಲದೆ ಕಾಲಿಡಲಾಗದು. ಪ್ರವೇಶ ಮತ್ತು ವಾಸದ ನಿರ್ಬಂಧವನ್ನು ಕುರಿತ 1967ರ ನಿಯಮಗಳು ಇದನ್ನು ವಿಧಿಸಿವೆ. ಇಲ್ಲಿಯೂ ಒಂದು ಶಂಕೆ ಹುಟ್ಟುತ್ತದೆ: ತನ್ನದೇ ದೇಶದೊಳಗೆ ತಿರುಗಾಡಲು ಅಪ್ಪಣೆ ಬೇಡುವುದು ಎಂಥ ಮಾತು? ಉತ್ತರವನ್ನು ನಿಧಾನವಾಗಿ ಕೇಳಬೇಕು. ದ್ವೀಪದವರಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರೆಂದು ಗಣಿತರಾದವರು. ಮನೆತನದ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದುಬರುವ ಪದ್ಧತಿ ಅವರಲ್ಲಿ ಇಂದಿಗೂ ಬಾಳುತ್ತಿದೆ. ಕೆಲವೇ ಚದರ ಕಿಲೋಮೀಟರು ನೆಲದ ಮೇಲೆ ಒಂದು ಸಮುದಾಯ ತನ್ನ ಬಾವಿ, ತನ್ನ ತೆಂಗು, ತನ್ನ ಮಸೀದಿಗಳನ್ನಿಟ್ಟುಕೊಂಡು ನಿಂತಿರುವಲ್ಲಿ ಹೊರಗಿನವರು ಬೇಕಾದಾಗ ಬಂದು ಬೇಕಾದಷ್ಟು ದಿನ ಉಳಿದರೆ, ಆ ಸಮುದಾಯಕ್ಕೆ ಹಿಂದೆ ಸರಿದು ನಿಲ್ಲಲು ಬೇರೆ ನೆಲವಿಲ್ಲ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಕಾಡಿನ ಮೇಲೆ ಸೋಲಿಗರ ಹಕ್ಕು 2011ರಲ್ಲಿ ಕಾನೂನಿನ ಮುದ್ರೆ ಪಡೆದುದನ್ನು ಬಲ್ಲ ಸೀಮೆಗೆ ಈ ನ್ಯಾಯ ಅಪರಿಚಿತವಲ್ಲ. ಅಲ್ಲಿರುವವರ ಹಕ್ಕು ಮೊದಲನೆಯದು, ಬರುವವರ ಆಸೆ ಎರಡನೆಯದು. ಸಾಲಿನಲ್ಲಿ ಅಪ್ಪಣೆ ಮುಂದೆ, ಪಯಣ ಹಿಂದೆ ಇರುವುದು ಈ ಕ್ರಮದಿಂದಲೇ.

ಅಪ್ಪಣೆಯ ವಿಧಾನವನ್ನೂ ಹೇಳಬೇಕು. ಲಕ್ಷದ್ವೀಪ ಆಡಳಿತದ ಪ್ರವಾಸಸಂಸ್ಥೆಗೆ ಸ್ಪೋರ್ಟ್ಸ್ ಎಂದು ಹೆಸರು. ಆಟೋಟದ ಸಂಘವೆಂದು ಭ್ರಮಿಸಬಾರದು. 1982ರಲ್ಲಿ ಸ್ಥಾಪಿತವಾದ ಇದರ ಕಚೇರಿ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿದೆ. ಅದರ ಪ್ರವಾಸಕ್ಕೆ ಹೆಸರು ಕೊಟ್ಟರೆ ಅಪ್ಪಣೆಯ ಏರ್ಪಾಡೂ ಅದರೊಡನೆಯೇ ನಡೆಯುತ್ತದೆ. ಒಬ್ಬೊಬ್ಬರಿಗೂ ಗುರುತಿನ ಚೀಟಿ, ಭಾವಚಿತ್ರಗಳು ಸಿದ್ಧವಿರಬೇಕು. ಪೊಲೀಸ್ ಠಾಣೆಯ ದೃಢೀಕರಣಪತ್ರವನ್ನೂ ಕೇಳುವುದುಂಟು. ಆಧಾರಿನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಎಂಬಂತಿರುವ ಅಜ್ಜ ಅಜ್ಜಿಯರ ಕಾಗದಗಳನ್ನು ಸುಗ್ಗಿಗೆ ಮೊದಲೇ ತಿದ್ದಿಸಿಡುವುದು ಕ್ಷೇಮ. ಅಪ್ಪಣೆಯೊಡನೆ ಬರುವ ಕಟ್ಟಳೆಗಳೂ ಅಪ್ಪಣೆಯ ಭಾಗವೇ: ಬಂಗಾರಂ ಒಂದನ್ನುಳಿದು ದ್ವೀಪಗಳಲ್ಲಿ ಮದ್ಯಪಾನ ನಿಷಿದ್ಧ, ಊರೊಳಗೆ ನಡೆಯುವಾಗ ಮೈಮುಚ್ಚುವ ಉಡುಗೆ ಉಚಿತ.

“ಕೊಯಮತ್ತೂರಿನ ಮೇಲೆ ಕೊಚ್ಚಿಗೆ.” ‘ಮೇಲೆ’ ಎಂದರೆ ಇಲ್ಲಿ ಹಾದು ಹೋಗುವುದು. ಬಂಡಳ್ಳಿಯಿಂದ ಕೊಳ್ಳೇಗಾಲ, ಚಾಮರಾಜನಗರ, ಹಾಸನೂರು. ಅಲ್ಲಿಂದ ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿ, ಸತ್ಯಮಂಗಲ, ಕೊಯಮತ್ತೂರು. ಸತ್ಯಮಂಗಲದ ಹುಲಿ ಮೀಸಲು ಕಾಡಿನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಹಗಲಲ್ಲೇ ಘಾಟಿ ಇಳಿಯುವಂತೆ ಹೊರಡಬೇಕು. ಕೊಯಮತ್ತೂರಿನಿಂದ ರೈಲು ಪಾಲಕ್ಕಾಡು, ತ್ರಿಶೂರುಗಳನ್ನು ದಾಟಿ ಎರ್ನಾಕುಲಂ ಸೇರುತ್ತದೆ. ಹಡಗಿನ ಹೊತ್ತಿಗೆ ಒಂದು ದಿನ ಮೊದಲೇ ಕೊಚ್ಚಿಯಲ್ಲಿರುವುದು ಮೇಲು. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ, ಹಡಗು ಬರುವುದಿಲ್ಲ.

ಇಷ್ಟೇ ಆದರೆ ಇದು ದಾರಿಯ ಪಟ್ಟಿ. ಆದರೆ ಈ ಸಾಲಿನೊಳಗೆ ಹಳೆಯ ಕಥೆಯೊಂದು ಅಡಗಿದೆ, ಅದನ್ನು ತೆರೆಯದೆ ಮುಂದೆ ಸಾಗಬಾರದು. ಈಗ ಹನೂರು ತಾಲ್ಲೂಕಿನದಾದ ಬಂಡಳ್ಳಿ ಹಿಂದೆ ಕೊಳ್ಳೇಗಾಲ ತಾಲ್ಲೂಕಿನದು. ಕೊಳ್ಳೇಗಾಲವೋ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದದ್ದು. ಅಜ್ಜಂದಿರ ಕಾಲಕ್ಕೆ ಕೊಯಮತ್ತೂರು ಎಂದರೆ ಜಿಲ್ಲಾ ಕಲೆಕ್ಟರರ ಊರು. ಅತ್ತ ಲಕ್ಷದ್ವೀಪದ ಉತ್ತರ ಗುಂಪಾದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು (ಒಟ್ಟಾಗಿ ಅಮಿನಿದಿವಿ) ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ದಕ್ಷಿಣ ಕನ್ನಡ ಜಿಲ್ಲೆಗೆ ಕೂಡಿಕೊಂಡು, ಮಂಗಳೂರಿನಿಂದ ಆಡಳಿತ ಪಡೆದವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದರು. ಹೀಗೆ ಟಿಪ್ಪುವಿನ ರಾಜ್ಯ ಒಡೆದಾಗ ಕೊಳ್ಳೇಗಾಲದ ಸೀಮೆಯೂ ಆ ಹವಳದ ದಿಬ್ಬಗಳೂ ಇಂಗ್ಲಿಷರ ಮದರಾಸಿಗೇ ಸಂದವು. ಒಂದೂವರೆ ಶತಮಾನ ಒಂದೇ ಆಡಳಿತದ ಎರಡು ಅಂಚುಗಳಾಗಿ ಉಳಿದವು. ಎರಡನ್ನೂ ಅಲ್ಲಿಂದ ಬಿಡಿಸಿದ ದಿನವೂ ಒಂದೇ, 1956ರ ನವೆಂಬರ್ 1. ಅಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಅಮಿನಿದಿವಿ ದಕ್ಷಿಣ ಕನ್ನಡವನ್ನು ಬಿಟ್ಟು, ಮಲಬಾರಿಗೆ ಸೇರಿದ್ದ ತೆಂಕಣ ದ್ವೀಪಗಳೊಡನೆ ಕೇಂದ್ರಾಡಳಿತ ಪ್ರದೇಶವಾಯಿತು. ಲಕ್ಷದ್ವೀಪವೆಂಬ ಅಧಿಕೃತ ಹೆಸರು ಬಂದದ್ದು 1973ರಲ್ಲಿ. ಆದ್ದರಿಂದ ಈ ಪಯಣಿಗರು ಪೂರ್ತಿ ಪರಸ್ಥಳಕ್ಕೆ ಹೊರಟವರಲ್ಲ. ಒಂದೇ ಮನೆಯಿಂದ ಒಂದೇ ದಿನ ಬೇರೆಯಾದ ಇನ್ನೊಂದು ಪಾಲನ್ನು ಕಾಣಹೊರಟವರು. ದಾರಿಯೂ ತಮ್ಮ ಹಳೆಯ ಜಿಲ್ಲಾಕೇಂದ್ರವನ್ನೇ ಹಾದುಹೋಗುತ್ತದೆ.

“ಹಡಗೇ ಮನೆ, ಹಗಲು ದ್ವೀಪ, ಇರುಳು ಕಡಲು.” ಅಗತ್ತಿ ದ್ವೀಪದಲ್ಲಿ 1988ರಿಂದ ವಿಮಾನದ ನಿಲ್ದಾಣವಿದೆ, ಓಟದ ಹಾಸು 1,200 ಮೀಟರಿನಷ್ಟು ಮಾತ್ರವಾದ್ದರಿಂದ ಚಿಕ್ಕ ವಿಮಾನಗಳೇ ಇಳಿಯತಕ್ಕವು. ಮೊದಲ ಪಯಣಕ್ಕೆ ಚೀಟಿ ಹಡಗನ್ನು ಆರಿಸಿದೆ, ಆಯ್ಕೆ ಸರಿಯಾದದ್ದು. ಸಮುದ್ರಂ ಎಂಬ ಹೆಸರಿನಲ್ಲಿ ನಡೆಸಿಕೊಂಡು ಬಂದಿರುವ ಐದು ದಿನದ ಪ್ರವಾಸದಲ್ಲಿ ಎಂ.ವಿ. ಕವರತ್ತಿ ಹಡಗು ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ತೋರಿಸುತ್ತದೆ. ಕೊಚ್ಚಿಯಿಂದ ಒಂದೊಂದು ದ್ವೀಪಕ್ಕೆ 14ರಿಂದ 18 ಗಂಟೆಯ ಹಾದಿ. ಹಡಗು ದಡಕ್ಕೆ ತಾಗುವುದಿಲ್ಲ; ಹವಳದ ದಂಡೆಯ ಹೊರಗೆ ಆಳದಲ್ಲಿ ನಿಂತುಬಿಡುತ್ತದೆ. ದಂಡೆಯೊಳಗಿನ ತಿಳಿಹಸಿರು ನೀರು, ಅಂದರೆ ಲಗೂನ್, ಅದಕ್ಕೆ ಸಾಲದಷ್ಟು ತೆಳು. ಜನ ಸಣ್ಣ ದೋಣಿಗಿಳಿದು ದಡ ಸೇರಿ, ಸಂಜೆಗೆ ಹಾಗೆಯೇ ಮರಳಬೇಕು. ಅಲೆಯ ತೊನೆತಕ್ಕೆ ದೋಣಿ ಏಳುತ್ತ ಬೀಳುತ್ತ ಇರುವುದರಿಂದ ಮೊಣಕಾಲು ನೋವಿನ ಹಿರಿಯರಿದ್ದಲ್ಲಿ ಇದನ್ನು ಮೊದಲೇ ಯೋಚಿಸತಕ್ಕದ್ದು. ಹೊಟ್ಟೆ ತೊಳಸುವವರು ವೈದ್ಯರನ್ನು ಕೇಳಿ ಮಾತ್ರೆ ತಂದಿರಬೇಕು. ಹಡಗಿನ ನಡುಭಾಗದಲ್ಲಿ ಓಲಾಟ ಕಡಿಮೆ.

ಮೂರು ಹಗಲುಗಳೂ ಒಂದೇ ಬಗೆಯವಲ್ಲ. ಕವರತ್ತಿ, ಕಲ್ಪೇನಿಗಳಲ್ಲಿ ಮಲಯಾಳದ ಒಂದು ಬಗೆಯಾದ ಜೆಸೆರಿ ಕೇಳಿಸುತ್ತದೆ. ಒಂಬತ್ತು ಡಿಗ್ರಿ ಕಾಲುವೆ ಎನ್ನುವ ಅಗಲವಾದ ಕಡಲುಹಾದಿಯನ್ನು ದಾಟಿ ಮಿನಿಕಾಯ್ ಸೇರಿದರೆ ನುಡಿಯೇ ಬೇರೆ: ಮಹಲ್, ಮಾಲ್ಡೀವ್ಸಿನವರ ನುಡಿಯ ಬಂಧು, ತಾನ ಎಂಬ ಲಿಪಿ. 1885ರಲ್ಲಿ ಕಟ್ಟಿದ ದೀಪಸ್ತಂಭ ಅಲ್ಲಿದೆ. ಗಾಳ ಕಟ್ಟಿದ ಕೋಲಿನಿಂದ ಸೂರೆ ಎಂಬ ಟ್ಯೂನಾ ಮೀನನ್ನು ಒಂದೊಂದಾಗಿ ಎತ್ತುವುದು ಅಲ್ಲಿಯವರ ಕಸುಬು; ಬಲೆಯೆಳೆದು ಕಡಲನ್ನು ಬರಿದುಮಾಡುವ ಬಗೆಯಲ್ಲ.

ಇರುಳು ಕಡಲಲ್ಲೇ ಕಳೆಯುವುದೇಕೆಂಬ ಪ್ರಶ್ನೆಗೆ ಉತ್ತರವನ್ನು ಮುಂದಿನ ಸಾಲು ಕೊಡುತ್ತದೆ.

“ಸಿಹಿನೀರು ಮಿತ.” ಎರಡೇ ಪದ. ಹನೂರು ಸೀಮೆಯ ಒಕ್ಕಲಿಗರಿಗೆ ನೀರಿನ ಬರ ಗೊತ್ತು. ಕೊಳವೆಬಾವಿ ಬತ್ತಿದರೆ ಇನ್ನೂ ಆಳಕ್ಕೆ ಕೊರೆಸುವುದು ಅಲ್ಲಿಯ ರೂಢಿ. ದ್ವೀಪದಲ್ಲಿ ಈ ಬುದ್ಧಿ ತಲೆಕೆಳಗಾಗುತ್ತದೆ. ಅಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ, ಕೆರೆ ಕಟ್ಟಲು ಇಳಿಜಾರಿಲ್ಲ. ನೆಲ ಕಡಲ ಮಟ್ಟಕ್ಕಿಂತ ಕೆಲವೇ ಮೀಟರು ಎತ್ತರ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ, ನೀರಿನ ಮೇಲೆ ಎಣ್ಣೆಯಂತೆ ತೆಳುವಾಗಿ ತೇಲಿ ನಿಲ್ಲುತ್ತದೆ. ಬಾವಿಗಳು ಮುಟ್ಟುವುದು ಆ ತೆಳುಪದರವನ್ನೇ. ಹೆಚ್ಚು ಸೇದಿದರೆ, ಇಲ್ಲವೇ ಆಳಕ್ಕೆ ಕೊರೆದರೆ, ಕೆಳಗಿನ ಉಪ್ಪು ಮೇಲೇರಿ ಬಾವಿ ಕೆಡುತ್ತದೆ; ಕೆಟ್ಟ ಬಾವಿ ಮತ್ತೆ ಸಿಹಿಯಾಗಲು ಮಳೆಗಳಿಗಾಗಿ ಕಾಯಬೇಕು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಕಡಲನೀರನ್ನು ಸಿಹಿಮಾಡುವ ಸ್ಥಾವರವನ್ನು ನಿಲ್ಲಿಸಿತು. ಮೇಲಿನ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ಇಳಿಸಿದ ಪಾತ್ರೆಯಲ್ಲಿ ಆವಿಯಾಗಿಸಿ, ಸುಮಾರು 350 ಮೀಟರು ಆಳದಿಂದ ಎಳೆದ ತಣ್ಣೀರಿನ ಸೋಂಕಿನಿಂದ ಆ ಆವಿಯನ್ನು ಮರಳಿ ನೀರಾಗಿಸುವುದು ಅದರ ಕ್ರಮ. ದಿನಕ್ಕೆ ಒಂದು ಲಕ್ಷ ಲೀಟರು ಅದರ ಅಳತೆ. ಅದು ಊರವರ ಕುಡಿಯುವ ನೀರು. ಹಡಗಿನಲ್ಲಿ ಮಲಗುವ ಪಯಣಿಗರು ಊರಿನ ಬಾವಿಯಿಂದ ಸ್ನಾನಕ್ಕೆ ಸೇದುವುದಿಲ್ಲ. ‘ಇರುಳು ಕಡಲು’ ಎಂಬುದರ ಫಲ ಇದು. ‘ಮಿತ’ ಎಂಬುದಕ್ಕೆ ಹಾಗಾಗಿ ಎರಡು ಅರ್ಥ ಕೂಡುತ್ತವೆ: ಇರುವುದೂ ಮಿತ, ಬಳಸುವುದೂ ಮಿತ. ಮೊದಲನೆಯದು ದ್ವೀಪದ ಸ್ಥಿತಿ, ಎರಡನೆಯದು ಅತಿಥಿಯ ವ್ರತ.

“ಅಲ್ಲಿಯ ಕಲ್ಲು ಅಲ್ಲಿಗೇ.” ಕಲ್ಲೆಂದರೆ ಹವಳ. ಲೋಕರೂಢಿಯಿಂದ ಕಲ್ಲೆಂದಿದೆ, ನಿಜದಲ್ಲಿ ಅದು ಜೀವಿಗಳ ಮನೆ. ಒಂದೊಂದು ಹುಳುವೂ ತನ್ನೊಳಗೆ ಸೂಕ್ಷ್ಮವಾದ ಪಾಚಿಯನ್ನು ಸಾಕಿಕೊಂಡು, ಅದು ಬಿಸಿಲಿನಿಂದ ಬೇಯಿಸಿಕೊಟ್ಟ ಆಹಾರವನ್ನು ಉಂಡು, ಸುಣ್ಣವನ್ನು ಕಟ್ಟುತ್ತದೆ. ನೀರು ಬಹಳ ಬಿಸಿಯೇರಿದಾಗ ಹುಳು ಆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬೆಳ್ಳಗಾಗಿ ಬಹಳಷ್ಟು ಸತ್ತಿತು. ದಂಡೆ ಕುಂದಿದರೆ ಅಲೆ ನೇರವಾಗಿ ನೆಲಕ್ಕೆ ಬಡಿಯುತ್ತದೆ. ಬಂಗಾರಂ ಬಳಿಯ ಪರಳಿ-1 ಎಂಬ ಜನವಿಲ್ಲದ ಕಿರುದ್ವೀಪ ಸವೆದು ಸವೆದು ಪೂರ್ತಿ ಅಳಿದುಹೋಗಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ದಡದಲ್ಲಿ ಬಿದ್ದ ಒಣ ತುಂಡನ್ನು ಎತ್ತಿಕೊಂಡರೇನು ಎಂದು ಮಕ್ಕಳು ಕೇಳುವುದು ಸಹಜ. ಆ ತುಂಡೇ ಪುಡಿಯಾಗಿ ದ್ವೀಪದ ಮರಳಾಗತಕ್ಕದ್ದು; ದ್ವೀಪಕ್ಕೆ ಬೇರೆ ಮಣ್ಣಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ದಂಡೆ ಕಟ್ಟುವ ಹವಳವನ್ನು ಹುಲಿ, ಆನೆಗಳಿರುವ ಮೊದಲ ಅನುಸೂಚಿಯಲ್ಲೇ ಇಟ್ಟಿದೆ. ಹಾಗಾದರೆ ಊರಿಗೆ ಏನನ್ನು ತರುವುದು? ತೆಂಗಿನ ನೀರಾವನ್ನು ಕಾಯಿಸಿ ಮಾಡಿದ ಸಿಹಿ, ತೆಂಗಿನ ನಾರಿನ ಹುರಿ, ಮೀನುಣ್ಣುವ ಮನೆಯಾದರೆ ಮಾಸ್ ಎಂಬ ಒಣ ಸೂರೆ. ಇವನ್ನು ದ್ವೀಪದವರಿಗೆ ಬೆಲೆ ತೆತ್ತು ತರಲು ಅಡ್ಡಿಯಿಲ್ಲ.