ಮರಳಿದವರು ಮತ್ತು ಉಳಿದವರು: ಕನ್ನಡ ಕಥನದಲ್ಲಿ ಗ್ರಾಮಾಭಿಮುಖ ವಲಸೆ

ನಗರವನ್ನು ಬಿಟ್ಟು ಹಳ್ಳಿಗೆ ಮರಳುವುದು ಆಧುನಿಕ ಕನ್ನಡ ಕಥನದ ಪ್ರಮುಖ ಆಶಯಗಳಲ್ಲಿ ಒಂದು. ಆದರೆ ನಮ್ಮ ವಿಮರ್ಶೆ ಈ ಆಶಯವನ್ನು ಬಹುಮಟ್ಟಿಗೆ ಮರಳಿದವನ ಅಂತರಂಗದ ಘಟನೆಯಾಗಿ ಓದಿದೆ. ಆತನಿಗೆ ನೆಲೆ ಸಿಕ್ಕಿತೇ, ಆತನ ತೊಳಲಾಟ ತಣಿಯಿತೇ ಎಂದು ಕೇಳಿದೆ. ಮರಳಿದವನಿಂದ ಆ ಊರಿಗೆ ಏನಾಯಿತು, ಆತ ಮರಳುವವರೆಗೆ ಊರನ್ನು ಯಾರು ಕಾಯ್ದಿಟ್ಟರು ಎಂಬ ಪ್ರಶ್ನೆಗಳು ಹಿಂದೆ ಬಿದ್ದಿವೆ. ಗ್ರಾಮಾಭಿವೃದ್ಧಿಯ ಚರ್ಚೆಯಲ್ಲಿ 'ಮರುವಲಸೆ' ಒಂದು ಭರವಸೆಯ ಪದವಾಗಿ ಬಳಕೆಗೆ ಬಂದಿರುವ ಈ ಹೊತ್ತಿನಲ್ಲಿ ಸಾಹಿತ್ಯದ ಸಾಕ್ಷ್ಯವನ್ನು ಈ ದಿಕ್ಕಿನಿಂದ ಮತ್ತೊಮ್ಮೆ ನೋಡುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' (1941) ಈ ಚರ್ಚೆಯ ಮೂಲಪಠ್ಯ. ಮೂರು ತಲೆಮಾರುಗಳ ಈ ಕಥನದಲ್ಲಿ ಮೊಮ್ಮಗ ರಾಮ ಮದರಾಸು, ಮುಂಬಯಿಗಳ ಬದುಕನ್ನು ಕಂಡು ಕೊನೆಗೆ ಕಡಲ ತಡಿಯ ಕೋಡಿಗೆ ಬರುತ್ತಾನೆ. ಕೃತಿಯ ಹೆಸರೇ ಈ ಮರಳುವಿಕೆಯತ್ತ ಬೆರಳು ತೋರುವುದರಿಂದ ಓದುಗರ ಗಮನ ರಾಮನ ಮೇಲೆ ನಿಲ್ಲುವುದು ಸಹಜ. ಆದರೆ ಕಾದಂಬರಿಯ ಹೆಚ್ಚಿನ ಪುಟಗಳು ಆತನವಲ್ಲ. ಅವು ಪಾರೋತಿ, ಸರಸೋತಿ, ಸತ್ಯಭಾಮೆ, ನಾಗವೇಣಿ ಎಂಬ ಹೆಂಗಸರವು. ರಾಮ ಐತಾಳರ ಮನೆಯ ಬೇಸಾಯದ ಭಾರ ಪಾರೋತಿ ಮತ್ತು ಸರಸೋತಿಯರ ಮೈಮೇಲೆ ಬೀಳುತ್ತದೆ. ಇಂಗ್ಲಿಷ್ ಓದಿದ ಮಗ ಲಚ್ಚ ಆಸ್ತಿಯನ್ನು ಹಾಳುಗೆಡವುತ್ತಾನೆ. ಅವನ ಹೆಂಡತಿ ನಾಗವೇಣಿ ಆ ಪಾಳಿನ ನಡುವೆಯೂ ಮಗನನ್ನು ಬೆಳೆಸುತ್ತಾಳೆ. ರಾಮನಿಗೆ ಮರಳಲು 'ಮಣ್ಣು' ಎಂಬುದೊಂದು ಉಳಿದಿದ್ದರೆ, ಅದು ಎಲ್ಲಿಗೂ ಹೋಗದೆ ಉಳಿದ ಹೆಂಗಸರ ದುಡಿಮೆಯಿಂದ. ಪೇಟೆಯ ವಿದ್ಯೆ ಮೊದಲು ಈ ಮನೆಯನ್ನು ಮುಳುಗಿಸಿತು ಎಂಬುದನ್ನು ಕಾರಂತರು ಮರೆಮಾಚುವುದಿಲ್ಲ. ಮರೆತವರು ನಾವು, ವಿಮರ್ಶಕರು.

ಎರಡು ವರ್ಷಗಳ ನಂತರ ಬಂದ 'ಬೆಟ್ಟದ ಜೀವ'ದಲ್ಲಿ ಕಾರಂತರು ಇದೇ ವಿಷಯವನ್ನು ತಿರುವಿ ಹಾಕಿದ್ದಾರೆ. ಗೋಪಾಲಯ್ಯ-ಶಂಕರಿಯರ ಮಗ ಶಂಭು ಮನೆಗೆ ಮರಳುವುದಿಲ್ಲ. ಕಾಡಿನ ಅಂಚಿನ ತೋಟವನ್ನು ಮುಂದುವರಿಸುವವನು ನೆತ್ತರ ನಂಟಿಲ್ಲದ ನಾರಾಯಣ. ಊರಿನ ಮುಂದುವರಿಕೆಗೆ ಮರಳಿ ಬರುವ ವಾರಸುದಾರನೇ ಬೇಕೆಂದಿಲ್ಲ ಎಂಬ ಈ ಸೂಚನೆಯನ್ನು ವೃದ್ಧ ದಂಪತಿಗಳ ಅಳಲಿನ ಚರ್ಚೆ ಮಸುಕುಗೊಳಿಸಿದೆ.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಬೇರೆ ಜಾತಿಯ ಕೃತಿ. ಇಲ್ಲಿ ಓದುಬಲ್ಲ ಕೃಷಿಕನೂ ವಿಜ್ಞಾನಿಯೂ ಮೂಡಿಗೆರೆಯ ಮಲೆಗಳಲ್ಲಿ ಹೊರಗಿನಿಂದ ಬಂದವರೇ. ಆದರೆ ಹಾರುವ ಓತಿಯ ಸುಳಿವು ಅವರಿಗೆ ಸಿಕ್ಕುವುದು ಜೇನು ಕೀಳುವ, ಊರವರ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಿಂದ. ನಗರದಿಂದ ಹಳ್ಳಿಗೆ ಅರಿವು ಹರಿಯುತ್ತದೆ ಎಂಬ ಅಭಿವೃದ್ಧಿ ಪರಿಭಾಷೆಯ ಗೃಹೀತವನ್ನು ಈ ಕಾದಂಬರಿ ನಗುನಗುತ್ತಲೇ ತಲೆಕೆಳಗು ಮಾಡುತ್ತದೆ.

ಸಾಹಿತ್ಯದ ಹೊರಗೆ ಹೆಗ್ಗೋಡಿನ ನಿದರ್ಶನವನ್ನು ನೋಡಬಹುದು. ಮೈಸೂರಿನಲ್ಲಿ ಓದಿ ಸಾಗರ ತಾಲೂಕಿನ ತಮ್ಮೂರಿಗೆ ಹಿಂದಿರುಗಿದ ಕೆ. ವಿ. ಸುಬ್ಬಣ್ಣನವರ ಸಾಧನೆಯನ್ನು ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ನಿರ್ಧಾರದ ಫಲವೆಂದು ಬಣ್ಣಿಸಲಾಗುತ್ತದೆ. ಆದರೆ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿದ್ದು 1949ರಲ್ಲಿ; ಆಗ ಸುಬ್ಬಣ್ಣನವರಿಗೆ ಹದಿನೇಳರ ಪ್ರಾಯ. ಊರವರು ಕೂಡಿ ನಾಟಕವಾಡುವ ರೂಢಿಯ ಮೇಲೆಯೇ 1980ರ ರಂಗಶಿಕ್ಷಣ ಕೇಂದ್ರವೂ 1985ರ ತಿರುಗಾಟವೂ ನಿಂತವು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಕಂಡದ್ದು ಈ ಬೆಳೆಯ ಒಂದು ಹಂತವನ್ನು. ಮರಳಿದವರು ಊರಿನಲ್ಲಿ ಆಗಲೇ ಇದ್ದುದರೊಳಗೆ ಸೇರಿಕೊಂಡದ್ದೇ ಅಲ್ಲಿಯ ವಿಶೇಷ. ಅದಕ್ಕೆ ಅಡಿಕೆ ತೋಟಗಳ ಆಸರೆಯೂ ಇತ್ತೆಂಬುದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ.

ಏಕೆಂದರೆ ಈ ಎಲ್ಲ ಕಥನಗಳಲ್ಲಿ ಮರಳುವವನಿಗೆ, ಇಲ್ಲವೇ ಹೊಸದಾಗಿ ಬಂದು ನೆಲೆಸುವವನಿಗೆ, ಕಾಲೂರಲು ನೆಲವಿದೆ. ನೆಲವಿಲ್ಲದವನಿಗೆ ಹಳ್ಳಿ ಏನು? ಡಾ. ಅಂಬೇಡ್ಕರ್ ಅವರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯ ವೈಭವೀಕರಣವನ್ನು ಖಂಡಿಸಿದ್ದು ಈ ಪ್ರಶ್ನೆಯ ತಳದಿಂದಲೇ. ಮಾಗಡಿ ಸೀಮೆಯ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯ ಶೀರ್ಷಿಕೆಯಲ್ಲೇ ಊರು ಬೇರೆ, ಕೇರಿ ಬೇರೆ. ಊರಿಗೆ ಮರಳಿ ಎನ್ನುವಾಗ ಯಾವುದಕ್ಕೆ ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆ ಕನ್ನಡ ನಾಡಿನ ಹೊರಗೆ ಇನ್ನೂ ತೀಕ್ಷ್ಣವಾಗುತ್ತದೆ. ಪುಣೆಯ ಪೂರ್ವ ಅಂಚಿನ ಖರಾಡಿಯನ್ನು ತೆಗೆದುಕೊಳ್ಳೋಣ. ಮುಳಾ-ಮುಠಾ ದಂಡೆಯ ಈ ಹಳ್ಳಿ 1990ರ ದಶಕದ ಅಂತ್ಯದಲ್ಲಿ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಬಂದು, ಇಂದು ಮಾಹಿತಿ ತಂತ್ರಜ್ಞಾನದ ಗಗನಚುಂಬಿಗಳ ತಾಣವಾಗಿದೆ. ಇಲ್ಲಿ ಹಳ್ಳಿಗೆ ವಲಸೆ ಬಂದದ್ದು ನಗರವೇ. ಪುಣೆಯ ಇಂಥ ಕಟ್ಟಡಗಳನ್ನು ಎತ್ತಿದ ಕೈಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಗುಳೆ ಬಂದವರವೂ ಸೇರಿವೆ. ಗುಳೆ ಎಂಬ ಪದ ಹೋಗುವುದನ್ನಷ್ಟೇ ಹೇಳುತ್ತದೆ. ಮರಳುವುದಕ್ಕೆ ಅಂಥ ಹೆಸರಿಲ್ಲ. ಹಿಂದೆ ಹೀಗಿರಲಿಲ್ಲ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಚರಿತ್ರೆಯಲ್ಲಿ 'ವಲಸೆ' ಎಂಬ ಪದವನ್ನು ವಿವರಿಸುತ್ತಾನೆ: ದಂಡು ಬಂದಾಗ ಊರಿಗೆ ಊರೇ ಕಾಡು ಬೆಟ್ಟಗಳಿಗೆ ತೆರಳುವುದು. ಅಪಾಯ ಕಳೆದ ಮೇಲೆ ಊರು ಸೇರುವ ಆಸೆ ಆ ತೆರಳುವಿಕೆಯೊಳಗೇ ಇತ್ತು.

2020ರ ಬೇಸಗೆಯಲ್ಲಿ ಮಹಾರಾಷ್ಟ್ರದಿಂದ ಕರ್ನಾಟಕದ ಹಳ್ಳಿಗಳಿಗೆ ನಡೆದದ್ದು ನಮ್ಮ ಕಾಲದ ಬಹುದೊಡ್ಡ ಗ್ರಾಮಾಭಿಮುಖ ವಲಸೆ. ಬಂದವರನ್ನು ಊರಿನ ಶಾಲೆಗಳಲ್ಲಿ ಬೇರೆಯಾಗಿ ಇರಿಸಲಾಯಿತು. ರೋಗ ತಂದವರೆಂಬ ಸಂಶಯ ಮೊದಲ ಸ್ವಾಗತವಾಯಿತು. ಅದೇ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಉದ್ಯೋಗ ಖಾತರಿಗೆಂದು 40,000 ಕೋಟಿ ರೂಪಾಯಿಗಳನ್ನು ಹೆಚ್ಚುವರಿಯಾಗಿ ಘೋಷಿಸಿತು. 2005ರ ಕಾಯ್ದೆಯಡಿಯ ಆ ಕೂಲಿ ಹಸಿದ ಮನೆಗಳಿಗೆ ಆಸರೆಯಾದದ್ದು ನಿಜ. ಆದರೆ ಆ ಯೋಜನೆ ಮುಖ್ಯವಾಗಿ ನೀಡುತ್ತಿದ್ದುದು ಕೌಶಲವಿಲ್ಲದ ಮೈಗೆಲಸವನ್ನು. ಸೆಂಟ್ರಿಂಗ್ ಕಟ್ಟಲು, ಕಬ್ಬಿಣ ಬಗ್ಗಿಸಲು, ಟೈಲ್ಸ್ ಕೂರಿಸಲು ಬಲ್ಲವನಿಗೂ ಹೂಳೆತ್ತುವ ಬುಟ್ಟಿಯೇ ಸಿಕ್ಕುವಂತಿತ್ತು. ಪೇಟೆಯಲ್ಲಿ ಕಲಿತ ವಿದ್ಯೆ ಊರಿಗೆ ಬಂದಿತ್ತು, ಅದನ್ನು ವಿದ್ಯೆಯೆಂದು ಗುರುತಿಸುವ ಕಣ್ಣು ಊರಿನಲ್ಲೂ ಇರಲಿಲ್ಲ, ಕಡತದಲ್ಲೂ ಇರಲಿಲ್ಲ. ಕೆಲಸ ಮೊದಲಾದ ಕೂಡಲೇ ಬಹಳಷ್ಟು ಜನ ಮತ್ತೆ ಪೇಟೆಯ ದಾರಿ ಹಿಡಿದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಓದುಬರಹ ಬಲ್ಲವನು ಮರಳಿದರೆ ಅದನ್ನು ಆದರ್ಶವೆಂದೂ ಕೂಲಿಕಾರ ಮರಳಿದರೆ ಅದನ್ನು ಸಂಕಟವೆಂದೂ ಕರೆಯುವ ನಮ್ಮ ರೂಢಿಯ ಮೂಲ, ರಾಮನನ್ನು ಓದಿ ನಾಗವೇಣಿಯನ್ನು ಓದದ ವಿಮರ್ಶೆಯಲ್ಲಿಯೂ ಇದೆಯೆಂದು ನಮಗೆ ತೋರುತ್ತದೆ. ಹೊರನಾಡುಗಳಲ್ಲಿ ಸಂಶೋಧನೆ ನಡೆಸುತ್ತಿರುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಈ ಕಥೆಯ ಒಂದು ತುದಿ ಅವರ ಬಳಿಯೇ, ಖರಾಡಿಯಂಥ ಊರುಗಳ ಕೂಲಿಕಾರರ ತಗಡಿನ ಶೆಡ್ಡುಗಳಲ್ಲಿದೆ. ಅಲ್ಲಿಯ ಹೆಂಗಸರು 2020ರ ಆ ತಿಂಗಳುಗಳನ್ನು ಯಾವ ಕನ್ನಡದಲ್ಲಿ ಹೇಳುತ್ತಾರೆ, ಊರಿನಲ್ಲಿ ಉಳಿದ ಅತ್ತೆಯಂದಿರು ಅದನ್ನೇ ಹೇಗೆ ಹೇಳುತ್ತಾರೆ ಎಂಬ ಎರಡು ಪಾಠಗಳನ್ನು ಒಟ್ಟಿಗಿಟ್ಟು ಸಂಗ್ರಹಿಸುವ ಕೆಲಸ ಮೊದಲು ಆಗಬೇಕಾಗಿದೆ.